ಹನ್ನೆರಡನೇ ಹೋಲ್ ದಾಟಿದ ಮೇಲೆ ಆಟ ಕೆಡುವುದೇಕೆ?

*ನಮ್ಮ ಆರೋಗ್ಯ ಮಾಲಿಕೆ | ಇಂದಿನ ಲೇಖನ: ಹವ್ಯಾಸಿ ಗಾಲ್ಫ್ ಆಟಗಾರರಿಗೆ* ⛳



ಹೋದ ವಾರ 89. ಈ ವಾರ 104. ಅದೇ ಮೈದಾನ, ಅದೇ ಕ್ಲಬ್‌ಗಳು, ಆಡಿದವರೂ ನೀವೇ. ಮೊದಲ ಆರು ಹೋಲ್‌ಗಳಲ್ಲಿ ಚೆಂಡು ಹೇಳಿದ ಮಾತು ಕೇಳುತ್ತಿತ್ತು. ಹನ್ನೆರಡು ದಾಟಿದ ಮೇಲೆ ಒಮ್ಮೆ ಬಲಗಡೆಯ ಮರಗಳ ನಡುವೆ, ಒಮ್ಮೆ ನೀರಿನೊಳಗೆ. ಮನೆಗೆ ಬಂದು ಕಾರಿನ ಡಿಕ್ಕಿಯಿಂದ ಬ್ಯಾಗ್ ಇಳಿಸುವಾಗ ಸೊಂಟ ಬೇರೆ ಹಿಡಿದುಕೊಂಡಿತು. "ನನ್ನ ನಿಜವಾದ ಆಟ ಯಾವುದು? ಹೋದ ವಾರದ್ದೋ, ಈ ವಾರದ್ದೋ?" ಎಂಬ ಪ್ರಶ್ನೆ ನಿಮಗೂ ಬಂದಿರಬಹುದು.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿರುವ ನಮ್ಮವರಲ್ಲಿ ಅನೇಕರು ನಲವತ್ತು, ಐವತ್ತು ದಾಟಿದ ಮೇಲೆ ಈ ಆಟ ಹಿಡಿದಿದ್ದಾರೆ. ವಾರವಿಡೀ ಕುರ್ಚಿ, ಭಾನುವಾರ ಬೆಳಿಗ್ಗೆ ಗಾಲ್ಫ್. ನೀವು ಆಡದಿದ್ದರೂ ಮನೆಯಲ್ಲೋ ಆಫೀಸಿನಲ್ಲೋ ಆಡುವವರಿದ್ದರೆ ಅವರಿಗೆ ಇದನ್ನು ಓದಿಸಿ. ಯಾಕೆ ಎಂಬುದಕ್ಕೆ ಮೊದಲು ಒಂದು ಘಟನೆ.

*ಪಟ್ಟರ್ ಮೇಲೆ ಬಂದ ಅಪವಾದ*

ಪುಣೆಯಲ್ಲಿ ನಾವು ನಾಲ್ವರು ಸೇರಿ ಆಡುತ್ತೇವೆ. ನಮ್ಮಲ್ಲಿ ಒಬ್ಬರು ಧಾರವಾಡದವರು, ವಯಸ್ಸು 58, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು. ಎರಡು ತಿಂಗಳು ಅವರ ಆಟ ಒಂದೇ ರೀತಿ ಕೆಡುತ್ತಿತ್ತು. ಮೊದಲ ಒಂಬತ್ತು ಹೋಲ್ ಸೊಗಸು. ಹನ್ನೆರಡು, ಹದಿಮೂರರ ಹೊತ್ತಿಗೆ ಮೂರಡಿ ದೂರದ ಪಟ್ ಕೂಡ ಒಳಗೆ ಹೋಗದು. ಜೊತೆಗೆ ಸಿಡುಕು. ಪಟ್ಟರ್ ಸರಿಯಿಲ್ಲ ಎಂದು ಹೊಸದು ಕೊಂಡರು. ಕೋಚ್ ಹತ್ತಿರ ನಾಲ್ಕು ಪಾಠ ಹೇಳಿಸಿಕೊಂಡರು. ನಾವೂ ಸುಮ್ಮನಿರಲಿಲ್ಲ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಕಾಲೆಳೆದೆವು.

ವಿಷಯ ಗೊತ್ತಾದದ್ದು ಅವರ ಕ್ಯಾಡಿಗೆ. "ಸಾಹೇಬ್, ಬೆಳಿಗ್ಗೆ ನಿಮ್ಮ ಕೈ ನಡುಗುವುದಿಲ್ಲ. ಈಗ ನಡುಗುತ್ತಿದೆ. ಹೋದ ವಾರವೂ ಇದೇ ಹೋಲ್‌ನಲ್ಲಿ ನಡುಗಿತ್ತು" ಎಂದು ಮರಾಠಿಯಲ್ಲಿ ಹೇಳಿದ. ಅವರ ಹಣೆಯ ಮೇಲೆ ತಣ್ಣನೆಯ ಬೆವರು. ಬ್ಯಾಗಿನಲ್ಲಿದ್ದ ಯಂತ್ರದಿಂದ ಅಲ್ಲೇ ನೋಡಿದರೆ ಸಕ್ಕರೆ 56. 70ಕ್ಕಿಂತ ಕೆಳಗಿಳಿದರೆ ಅದು ಅಪಾಯದ ಸೂಚನೆ. ಬೆಳಿಗ್ಗೆ ಐದೂವರೆಗೆ ಮಾತ್ರೆ ನುಂಗಿ, ಅರ್ಧ ಕಪ್ ಚಹಾ ಕುಡಿದು ಹೊರಟಿದ್ದರಂತೆ. "ತಿಂಡಿ ಆಟ ಮುಗಿದ ಮೇಲೆ" ಎಂಬುದು ಅವರ ಪದ್ಧತಿ.

ಆವತ್ತು ಸಕ್ಕರೆ ನೀರು ಕುಡಿಸಿ, ಕೂರಿಸಿ, ಮನೆಗೆ ಕರೆದುಕೊಂಡು ಹೋದೆವು. ವೈದ್ಯರು ಮಾತ್ರೆಯ ಸಮಯ ಬದಲಿಸಿದರು, ತಿಂಡಿ ಕಡ್ಡಾಯ ಮಾಡಿದರು. ಮುಂದಿನ ತಿಂಗಳು ಹಳೆಯ ಪಟ್ಟರ್ ಮತ್ತೆ ಬ್ಯಾಗಿಗೆ ಬಂತು. ಆ ಎರಡು ತಿಂಗಳೂ ಅವರು ಒಬ್ಬರೇ ಕಾರು ಓಡಿಸಿಕೊಂಡು ಮನೆಗೆ ಹೋಗುತ್ತಿದ್ದರು ಎಂಬುದನ್ನು ನೆನೆದರೆ ನಮಗೆ ಈಗಲೂ ಭಯವಾಗುತ್ತದೆ.

ಈ ಲೇಖನದ ಸಾರ ಇಷ್ಟೇ: *ಆಟದಲ್ಲಿ ಏರುಪೇರು ಕಂಡರೆ ಮೊದಲು ಸ್ವಿಂಗ್ ನೋಡಬೇಡಿ, ದೇಹ ನೋಡಿ.*

*ಮೊದಲು ಒಂದು ಸಮಾಧಾನದ ಮಾತು*

ಹ್ಯಾಂಡಿಕ್ಯಾಪ್ ಎಂದರೆ ನಿಮ್ಮ ಸರಾಸರಿ ಆಟ ಎಂದು ತಿಳಿದಿದ್ದೀರಾ? ಅಲ್ಲ. 2020ರಲ್ಲಿ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ನಿಮ್ಮ ಕಳೆದ 20 ಆಟಗಳಲ್ಲಿ ಅತ್ಯುತ್ತಮವಾದ 8 ಆಟಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಉಳಿದ 12 ಲೆಕ್ಕಕ್ಕಿಲ್ಲ. ಅಂದರೆ ಅದು ನಿಮ್ಮ ಒಳ್ಳೆಯ ದಿನಗಳ ಗುರುತು. ಬಹುತೇಕ ಭಾನುವಾರಗಳಲ್ಲಿ ನೀವು ಅದಕ್ಕಿಂತ ಕೆಟ್ಟದಾಗಿಯೇ ಆಡುತ್ತೀರಿ, ಅದು ಸಹಜ. ಇದು ತಿಳಿಯದೆ ಪ್ರತಿ ವಾರ ಹೊಸ ಡ್ರೈವರ್, ಹೊಸ ಗ್ರಿಪ್, ಮೊಬೈಲಿನಲ್ಲಿ ಹೊಸ ವಿಡಿಯೊ ಎಂದು ಬದಲಿಸುತ್ತ ಹೋದರೆ ಇದ್ದದ್ದೂ ಹೋಗುತ್ತದೆ.

89 ಮತ್ತು 104 ಎರಡೂ ನಿಮ್ಮದೇ. 104 ಅನ್ನು 97ಕ್ಕೆ ತರುವುದು ಹೇಗೆ ಎಂಬುದಷ್ಟೇ ನಮ್ಮ ಪ್ರಶ್ನೆ. ಅದು 89 ಅನ್ನು 85ಕ್ಕೆ ತರುವುದಕ್ಕಿಂತ ಸುಲಭ, ದೇಹಕ್ಕೂ ಹಿತ.

*1. ಹೊರಡುವ ಮುನ್ನ*

18 ಹೋಲ್ ನಡೆದು ಆಡಿದರೆ ಆರೇಳು ಕಿಲೊಮೀಟರಿಗೆ ಕಡಿಮೆಯಿಲ್ಲ, ಸಮಯ ನಾಲ್ಕು ಗಂಟೆಗೂ ಹೆಚ್ಚು. ಇಷ್ಟು ಹೊತ್ತು ನಡೆಯುವ ಕೆಲಸಕ್ಕೆ ನಮ್ಮ ಹಿರಿಯರು ಖಾಲಿ ಹೊಟ್ಟೆಯಲ್ಲಿ ಹೊರಡುತ್ತಿರಲಿಲ್ಲ. ರೊಟ್ಟಿ ಬುತ್ತಿ ಕಟ್ಟಿಕೊಂಡೇ ಹೊಲಕ್ಕೆ ಹೋಗುತ್ತಿದ್ದರು.

✅ ಆಟಕ್ಕೆ ಒಂದು ಗಂಟೆ ಮೊದಲು ಹಗುರವಾದ ತಿಂಡಿ: ಅವಲಕ್ಕಿ, ಎರಡು ಇಡ್ಲಿ, ಸ್ವಲ್ಪ ಉಪ್ಪಿಟ್ಟು ಅಥವಾ ಬ್ರೆಡ್ ಮೊಟ್ಟೆ. ಪೂರಿ, ವಡೆ ಬೇಡ.
✅ ಬ್ಯಾಗಿನಲ್ಲಿ ಒಂದು ಬಾಳೆಹಣ್ಣು, ಒಂದು ಹಿಡಿ ಶೇಂಗಾ ಅಥವಾ ಒಂದು ಚಿಕ್ಕಿ. ಆರನೇ ಹೋಲ್ ಮುಗಿದಾಗ ಅರ್ಧ, ಹನ್ನೆರಡನೆಯದು ಮುಗಿದಾಗ ಅರ್ಧ. ಹಸಿವಾಗುವವರೆಗೆ ಕಾಯಬೇಡಿ.
✅ ಹಿಂದಿನ ರಾತ್ರಿ ನಿದ್ದೆ. ಶನಿವಾರ ಹನ್ನೆರಡರವರೆಗೆ ಪಾರ್ಟಿ ಮಾಡಿ ಐದಕ್ಕೆ ಎದ್ದರೆ ಆ ದಿನ ಕೈಗೂ ಕಣ್ಣಿಗೂ ಹೊಂದಿಕೆಯಿರದು.

*ಸಕ್ಕರೆ ಕಾಯಿಲೆಯವರಿಗೆ ವಿಶೇಷ ಸೂಚನೆ:* ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರು "ನಾನು ವಾರಕ್ಕೊಮ್ಮೆ ನಾಲ್ಕು ಗಂಟೆ ನಡೆಯುತ್ತೇನೆ" ಎಂದು ವೈದ್ಯರಿಗೆ ಹೇಳಿ, ಆ ದಿನ ಏನು ಮಾಡಬೇಕೆಂದು ಕೇಳಿಕೊಳ್ಳಿ. ಪ್ರಮಾಣವನ್ನು ನೀವೇ ಬದಲಿಸಬೇಡಿ. ಕೈನಡುಕ, ತಣ್ಣನೆಯ ಬೆವರು, ಮಂಕು, ಕಾರಣವಿಲ್ಲದ ಸಿಟ್ಟು ಕಂಡರೆ ಆಟ ನಿಲ್ಲಿಸಿ ಸಕ್ಕರೆ ನೋಡಿಕೊಳ್ಳಿ. ನೋಡುವ ಯಂತ್ರ ಇಲ್ಲದಿದ್ದರೂ ಕಾಯಬೇಡಿ. ಮೂರು ಚಮಚ ಸಕ್ಕರೆ ಅಥವಾ 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಯಿರಿ. 15 ನಿಮಿಷದ ನಂತರ ಮತ್ತೆ ನೋಡಿ, 70ಕ್ಕಿಂತ ಕಡಿಮೆಯಿದ್ದರೆ ಇನ್ನೊಮ್ಮೆ ಕುಡಿಯಿರಿ. ಚಾಕೊಲೇಟ್ ಸಾಲದು, ಅದರಲ್ಲಿರುವ ಕೊಬ್ಬು ಸಕ್ಕರೆ ಏರುವುದನ್ನು ನಿಧಾನ ಮಾಡುತ್ತದೆ.

*2. ಮೊದಲ ಹೊಡೆತಕ್ಕೆ ಮುನ್ನ ಹತ್ತು ನಿಮಿಷ*

ಕಾರಿನಿಂದ ಇಳಿದು ನೇರವಾಗಿ ಡ್ರೈವರ್ ಬೀಸುವುದು ನಮ್ಮಲ್ಲಿ ಮಾಮೂಲು. ಒಂದು ಗಂಟೆ ಟ್ರಾಫಿಕ್‌ನಲ್ಲಿ ಕುಳಿತು ಬಂದ ಸೊಂಟಕ್ಕೆ ಅದು ದೊಡ್ಡ ಪೆಟ್ಟು. ಹವ್ಯಾಸಿ ಗಾಲ್ಫ್ ಆಟಗಾರರಲ್ಲಿ ಅತಿ ಹೆಚ್ಚು ನೋಯುವ ಜಾಗ ಕೆಳಬೆನ್ನೇ.

▪️ ಮೂರು ನಿಮಿಷ ಬಿರುಸಾದ ನಡಿಗೆ.
▪️ ಕ್ಲಬ್ ಊರಿಕೊಂಡು ಒಂದೊಂದು ಕಾಲನ್ನು ಹಿಂದೆ ಮುಂದೆ ಹತ್ತು ಬಾರಿ ತೂಗಿ.
▪️ ಕ್ಲಬ್ಬನ್ನು ಹೆಗಲ ಮೇಲೆ ಅಡ್ಡ ಇಟ್ಟುಕೊಂಡು ನಿಧಾನವಾಗಿ ಎಡಕ್ಕೆ ಬಲಕ್ಕೆ ಹತ್ತು ಬಾರಿ ತಿರುಗಿ.
▪️ ಹತ್ತು ಬಾರಿ ಅರ್ಧ ಕೂತು ಏಳಿ.
▪️ ವೆಜ್‌ನಿಂದ ಅರ್ಧ ಸ್ವಿಂಗ್ ಹತ್ತು, ಆಮೇಲೆ 7 ನಂಬರ್ ಐರನ್, ಕೊನೆಗೆ ಡ್ರೈವರ್.

ಒಂದೇ ಭಂಗಿಯಲ್ಲಿ ಬಹಳ ಹೊತ್ತು ಎಳೆದು ಹಿಡಿಯುವ ವ್ಯಾಯಾಮ ಆಟ ಮುಗಿದ ಮೇಲಿರಲಿ. ಮೊದಲು ದೇಹ ಬಿಸಿಯಾಗಬೇಕು.

*3. ಹಿಡಿತ ಮತ್ತು ಲಯ*

ಸ್ವಿಂಗ್ ಬಗ್ಗೆ ನೂರು ಸಲಹೆ ಸಿಗುತ್ತವೆ. ದಣಿದಾಗಲೂ ನೆನಪಿರುವಂಥವು ಎರಡೇ ಸಾಕು.

*ಹಿಡಿತ:* ಮಗುವಿನ ಕೈ ಹಿಡಿದು ರಸ್ತೆ ದಾಟಿಸುವಷ್ಟು. ಜಾರಬಾರದು, ನೋಯಲೂಬಾರದು. ಕೋಪ ಬಂದಾಗ, ಹೆದರಿಕೆಯಾದಾಗ ನಮಗೆ ಗೊತ್ತಿಲ್ಲದೆ ಹಿಡಿತ ಬಿಗಿಯಾಗುತ್ತದೆ. ಮುಂಗೈ ಬಿಗಿದರೆ ಭುಜ ಬಿಗಿಯುತ್ತದೆ, ಭುಜ ಬಿಗಿದರೆ ಮೈ ತಿರುಗದು. ಮೊಣಕೈ ಒಳಬದಿಯಲ್ಲಿ ಬರುವ 'ಗಾಲ್ಫರ್ಸ್ ಎಲ್ಬೋ' ನೋವಿಗೂ ಈ ಬಿಗಿ ಹಿಡಿತ ಒಂದು ಕಾರಣ.

*ಲಯ:* ಪಂಚಮಿ ಹಬ್ಬದ ಜೋಕಾಲಿ ನೆನಪಿದೆಯಲ್ಲವೇ? ಮೇಲೆ ಹೋದ ಜೋಕಾಲಿ ಒಂದು ಕ್ಷಣ ನಿಂತಂತಾಗಿ ತಾನಾಗಿ ಕೆಳಗೆ ಬರುತ್ತದೆ. ಅದನ್ನು ಯಾರೂ ಜಗ್ಗಿ ಇಳಿಸುವುದಿಲ್ಲ. ಒಳ್ಳೆಯ ಆಟಗಾರರಲ್ಲಿ ಕ್ಲಬ್ ಹಿಂದಕ್ಕೆ ಎತ್ತುವ ಸಮಯ, ಅದು ಚೆಂಡಿಗೆ ಬಂದು ತಾಗುವ ಸಮಯದ ಸುಮಾರು ಮೂರರಷ್ಟಿರುತ್ತದೆ. ಮನಸ್ಸಿನಲ್ಲಿ "ಒಂದು, ಎರಡು, ಮೂರು" ಎನ್ನುತ್ತ ಎತ್ತಿ, "ಹೋಗು" ಎಂದು ಬಿಡಿ. ಮೊದಲ ಹೋಲ್‌ನಲ್ಲೂ ಹದಿನೆಂಟನೆಯದರಲ್ಲೂ ಇದೇ ಎಣಿಕೆ.

ಇನ್ನೊಂದು ವಿಷಯ. ಕಾಲು ದಣಿದಾಗ ಮೈ ತಿರುಗುವುದು ಕಡಿಮೆಯಾಗಿ ಬರೀ ಕೈಯಿಂದ ಹೊಡೆಯಲು ಶುರುಮಾಡುತ್ತೇವೆ. ಹನ್ನೆರಡರ ನಂತರ ಚೆಂಡು ಬಲಕ್ಕೆ ಓಡುವುದಕ್ಕೆ ಅನೇಕ ಸಲ ಇದೇ ಕಾರಣ. ಆಗ ಜೋರಾಗಿ ಹೊಡೆದರೆ ಇನ್ನಷ್ಟು ಓಡುತ್ತದೆ. ಒಂದು ಕ್ಲಬ್ ದೊಡ್ಡದು ತೆಗೆದುಕೊಂಡು ಮೆಲ್ಲಗೆ ಬೀಸಿ.

*4. ಬೆನ್ನು ಉಳಿಯಬೇಕೆಂದರೆ ಕೆಳಗಿನದನ್ನೂ ಮೇಲಿನದನ್ನೂ ಸಡಿಲಿಸಿ*

ನಮ್ಮ ಕೆಳಬೆನ್ನಿನ ಮೂಳೆಗಳು ತಿರುಗುವುದಕ್ಕೆಂದು ಆದವಲ್ಲ, ಭಾರ ಹೊರುವುದಕ್ಕೆ ಆದವು. ಅವು ತಿರುಗುವುದು ತೀರ ಸ್ವಲ್ಪ. ಸ್ವಿಂಗ್‌ಗೆ ಬೇಕಾದ ತಿರುವು ಸೊಂಟದ ಕೀಲುಗಳಿಂದಲೂ ಎದೆಯ ಹಿಂಭಾಗದ ಬೆನ್ನಿನಿಂದಲೂ ಬರಬೇಕು. ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕುಳಿತವರಿಗೆ ಈ ಎರಡೂ ಜಾಗ ಬಿಗಿದುಕೊಂಡಿರುತ್ತವೆ. ಆಗ ಆ ಹೊರೆ ನಡುವಿನ ಕೆಳಬೆನ್ನಿನ ಮೇಲೆ ಬೀಳುತ್ತದೆ.

ದಿನಕ್ಕೆ ಹತ್ತು ನಿಮಿಷ ಕೊಡಿ. ಹನಿ ಹನಿ ಗೂಡಿದರೆ ಹಳ್ಳ.

▪️ ಸೇತುಬಂಧಾಸನ: ಅಂಗಾತ ಮಲಗಿ, ಮಂಡಿ ಮಡಚಿ, ಸೊಂಟ ಎತ್ತಿ ಇಳಿಸಿ. ಹತ್ತರಂತೆ ಎರಡು ಬಾರಿ.
▪️ ಮಗ್ಗುಲಾಗಿ ಮಲಗಿ, ಮಂಡಿಗಳನ್ನು ಜೋಡಿಸಿಟ್ಟುಕೊಂಡು, ಮೇಲಿನ ಕೈಯನ್ನು ಪುಸ್ತಕದ ಪುಟ ತೆರೆದಂತೆ ಹಿಂದಕ್ಕೆ ತೆರೆಯಿರಿ. ಎರಡೂ ಕಡೆ ಎಂಟೆಂಟು ಬಾರಿ.
▪️ ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮತ್ತು ಎಡಗಾಲು ಚಾಚಿ, ಆಮೇಲೆ ಎಡಗೈ ಮತ್ತು ಬಲಗಾಲು. ಎಂಟೆಂಟು ಬಾರಿ.
▪️ ಹಲ್ಲುಜ್ಜುವಾಗ ಒಂದೊಂದು ಕಾಲಿನ ಮೇಲೆ ಮೂವತ್ತು ಸೆಕೆಂಡು ನಿಲ್ಲಿ. ಬೇಕಾದರೆ ಒಂದು ಕೈ ಗೋಡೆಗೆ.

ಡಿಕ್ಕಿಯಿಂದ ಬ್ಯಾಗ್ ಎತ್ತುವಾಗ ಮಂಡಿ ಮಡಚಿ, ಬ್ಯಾಗನ್ನು ಮೈಗೆ ಹತ್ತಿರ ತಂದುಕೊಂಡು ಎತ್ತಿ. ನಾಲ್ಕು ಗಂಟೆ ಕಾಪಾಡಿಕೊಂಡ ಬೆನ್ನು ಕೊನೆಯ ನಿಮಿಷದಲ್ಲಿ ಹಿಡಿದುಕೊಂಡವರು ಬಹಳ ಮಂದಿ ಇದ್ದಾರೆ.

*5. ಅಭ್ಯಾಸ: ಎಣಿಕೆ ಬೇಡ, ಗಮನ ಬೇಕು*

ರೇಂಜ್‌ಗೆ ಹೋಗಿ ನೂರು ಚೆಂಡು ಡ್ರೈವರ್‌ನಿಂದ ಹೊಡೆದು ಬರುವುದು ಅಭ್ಯಾಸವಲ್ಲ. ಮ್ಯಾಟ್ ಮೇಲೆ ಹೊಡೆಯುವಾಗ ಕ್ಲಬ್ ಚೆಂಡಿಗಿಂತ ಮೊದಲು ನೆಲಕ್ಕೆ ತಾಗಿದರೂ ಜಾರಿಕೊಂಡು ಹೋಗುತ್ತದೆ. ತಪ್ಪು ಗೊತ್ತಾಗುವುದಿಲ್ಲ, ಪೆಟ್ಟು ಮಾತ್ರ ಮೊಣಕೈಗೆ, ಮಣಿಕಟ್ಟಿಗೆ. ಒಮ್ಮೆಗೆ ಐವತ್ತು ಚೆಂಡು ಸಾಕು. ಅದರಲ್ಲಿ ಅರ್ಧ 100 ಗಜದ ಒಳಗಿನ ಹೊಡೆತಗಳಾಗಿರಲಿ.

ಪಾರ್ 72ರ ಲೆಕ್ಕದಲ್ಲಿ ಹೋಲ್‌ಗೆ ಎರಡರಂತೆ 36 ಪಟ್‌ಗಳೇ ಸೇರಿವೆ. ಅಂದರೆ ಅರ್ಧ ಆಟ ಅಲ್ಲೇ ಇದೆ. ಪಟ್ಟಿಂಗ್‌ಗೆ ಬಲ ಬೇಡ, ವಯಸ್ಸಿನ ಅಡ್ಡಿಯೂ ಕಡಿಮೆ. ವಾರಕ್ಕೆ ಮೂರು ದಿನ ಹಾಲ್‌ನ ಕಾರ್ಪೆಟ್ ಮೇಲೆ ಹತ್ತು ನಿಮಿಷ ಮೂರಡಿ ದೂರದ ಪಟ್ ಹಾಕಿ. ಫಲ ಬೇಗ ಕಾಣುವುದು ಇಲ್ಲೇ.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರನ್ನೇ ನೋಡಿ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಮ್ಮನನ್ನೇ ಕ್ಯಾಡಿಯಾಗಿ ಕರೆದುಕೊಂಡು ಆಡಿ 4ನೇ ಸ್ಥಾನ ಪಡೆದರು. ಕಂಚು ಗೆದ್ದವರಿಗಿಂತ ಒಂದೇ ಹೊಡೆತ ಹಿಂದೆ. ಅಲ್ಲಿದ್ದ ಅನೇಕರು ಅವರಿಗಿಂತ ಎಷ್ಟೋ ದೂರ ಹೊಡೆಯುತ್ತಿದ್ದರು. ಅದೇ ವರ್ಷ ಅವರಿಗೆ ಕೋವಿಡ್ ಬಂದುಹೋಗಿತ್ತು. ದೂರದ ಹೊಡೆತದಲ್ಲಿ ಕಳೆದುಕೊಂಡದ್ದನ್ನು ಅವರು ಗ್ರೀನ್ ಹತ್ತಿರ ಮತ್ತು ಪಟ್ಟಿಂಗ್‌ನಲ್ಲಿ ಗಳಿಸಿಕೊಂಡರು. ಐವತ್ತೈದರ ನಾವು ಇಪ್ಪತ್ತೈದರ ಹುಡುಗರ ಡ್ರೈವ್ ನೋಡಿ ಸೊಂಟ ಮುರಿದುಕೊಳ್ಳುವ ಬದಲು ಇದನ್ನು ಕಲಿಯುವುದು ಮೇಲು.

*6. ಲೆಕ್ಕಾಚಾರದ ಆಟ*

▪️ ಪಾರ್ 72ರ ಮೈದಾನದಲ್ಲಿ ಹದಿನೆಂಟೂ ಹೋಲ್ ಬೋಗಿ ಮಾಡಿದರೂ 90. ನಮ್ಮಂಥವರ ಕಾರ್ಡ್ ಕೆಡಿಸುವುದು ಬೋಗಿಯಲ್ಲ, ನಡುನಡುವೆ ಬರುವ ಏಳು ಎಂಟುಗಳು.
▪️ ಚೆಂಡು ಮರಗಳ ನಡುವೆ ಹೋದರೆ ಸಂದಿಯಲ್ಲಿ ಹೊಡೆಯುವ ಸಾಹಸ ಬೇಡ. ಅಡ್ಡಕ್ಕೆ ಹೊಡೆದು ಫೇರ್‌ವೇಗೆ ಬನ್ನಿ. ಒಂದು ಹೊಡೆತ ಹೋಗುತ್ತದೆ, ಮೂರು ಉಳಿಯುತ್ತವೆ.
▪️ 7 ನಂಬರ್ ಐರನ್ನಿಂದ ಎಂದೋ ಒಮ್ಮೆ ಹೋದ ದೂರವನ್ನೇ ನಿಮ್ಮ ದೂರ ಎಂದುಕೊಳ್ಳಬೇಡಿ. ಹತ್ತು ಹೊಡೆದರೆ ಏಳು ಎಲ್ಲಿ ಬೀಳುತ್ತವೋ ಅದು ನಿಮ್ಮ ದೂರ.
▪️ ಕೆಟ್ಟ ಹೊಡೆತದ ನಂತರ ಹತ್ತು ಹೆಜ್ಜೆ ನಡೆಯುವವರೆಗೆ ಬೈದುಕೊಳ್ಳಿ. ಹನ್ನೊಂದನೇ ಹೆಜ್ಜೆಗೆ ಅದು ಮುಗಿಯಿತು. ನಿಧಾನವಾಗಿ ಎರಡು ಬಾರಿ ಉಸಿರು ಹೊರಗೆ ಬಿಡಿ.

*7. ನೀರು, ಬಿಸಿಲು, ನಿಮ್ಮ ಊರು*

ಬಾಯಾರಿಕೆಯಾದ ಮೇಲೆ ಕುಡಿದರೆ ತಡವಾಯಿತು. ಎರಡು ಹೋಲ್‌ಗೊಮ್ಮೆ ನಾಲ್ಕೈದು ಗುಟುಕು ನೀರು ಕುಡಿಯಿರಿ. ಬೆವರು ಜಾಸ್ತಿಯಿದ್ದರೆ ಎಳನೀರು, ತೆಳು ಮಜ್ಜಿಗೆ ಅಥವಾ ಪೊಟ್ಟಣದ ಮೇಲೆ ಬರೆದ ಅಳತೆಯಂತೆ ಕಲಸಿದ ಓಆರ್‌ಎಸ್. ರಕ್ತದೊತ್ತಡ ಇರುವವರಿಗೆ ಮಜ್ಜಿಗೆಯಲ್ಲಿ ಉಪ್ಪು ಮಿತವಾಗಿರಲಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ಕುಡಿಯಬೇಕೆಂದು ವೈದ್ಯರನ್ನೇ ಕೇಳಿ. ಮೂತ್ರ ಹೆಚ್ಚು ಹೋಗಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲಿನಲ್ಲಿ ತಲೆಸುತ್ತು ಬರುವುದುಂಟು, ಎಚ್ಚರ.

📍 *ಚೆನ್ನೈ, ಮುಂಬೈ:* ಸೆಕೆಗೆ ಬೆವರು ಆರುವುದಿಲ್ಲ, ಮೈ ತಣ್ಣಗಾಗುವುದಿಲ್ಲ. ಒದ್ದೆ ಟವೆಲ್, ಇನ್ನೊಂದು ಗ್ಲೌಸ್ ಇರಲಿ.
📍 *ಹೈದರಾಬಾದ್, ಪುಣೆ:* ಏಪ್ರಿಲ್, ಮೇನಲ್ಲಿ ಬೆವರು ಕಾಣದಂತೆ ಆರಿಹೋಗುತ್ತದೆ. ಬೆವರಿಲ್ಲ ಎಂದು ನೀರು ಬಿಡಬೇಡಿ. ಹತ್ತು ಗಂಟೆಯೊಳಗೆ ಮುಗಿಯದಿದ್ದರೆ ಒಂಬತ್ತು ಹೋಲ್‌ಗೆ ನಿಲ್ಲಿಸಿ.
📍 *ದೆಹಲಿ:* ಚಳಿಗಾಲದಲ್ಲಿ ಗಾಳಿಯ ಗುಣಮಟ್ಟ ನೋಡಿಕೊಂಡು ಹೊರಡಿ. ಅಸ್ತಮಾ, ಹೃದ್ರೋಗ ಇರುವವರು ಹೊಗೆಮಂಜಿನ ದಿನ ಮನೆಯ ಕಾರ್ಪೆಟ್ ಮೇಲೆ ಪಟ್ಟಿಂಗ್ ಮಾಡಿ.
📍 *ಎಲ್ಲ ಊರಿನವರಿಗೆ:* ಗುಡುಗು ಕೇಳಿದ ತಕ್ಷಣ ಆಟ ನಿಲ್ಲಿಸಿ. ಸಿಡಿಲಿನ ಭಯವಿದ್ದರೆ ಆಟಗಾರ ತಾನೇ ನಿಲ್ಲಿಸಲು ಗಾಲ್ಫ್ ನಿಯಮವೇ ಅವಕಾಶ ಕೊಡುತ್ತದೆ. ಒಂಟಿ ಮರದಡಿ ನಿಲ್ಲಬೇಡಿ. ಕೊನೆಯ ಗುಡುಗಿನ ನಂತರ 30 ನಿಮಿಷ ಒಳಗೇ ಇರಿ.

*8. ಆಟ ಬಿಟ್ಟು ಆಸ್ಪತ್ರೆಗೆ ಹೋಗಬೇಕಾದ ಗಳಿಗೆ* ⚠️

ಎದೆಯಲ್ಲಿ ಭಾರ, ಹಿಂಡಿದಂತೆ ನೋವು, ದವಡೆಗೆ, ಎಡಗೈಗೆ ಅಥವಾ ಎರಡೂ ಕೈಗೆ ಹರಡುವ ನೋವು, ಏರಿನಲ್ಲಿ ಹಿಂದೆಂದೂ ಇಲ್ಲದ ಉಬ್ಬಸ, ಕಣ್ಣು ಕತ್ತಲಿಡುವುದು. ಇವನ್ನು "ಸ್ವಿಂಗ್‌ನಲ್ಲಿ ಉಳುಕಿತು", "ಗ್ಯಾಸ್ ಇರಬೇಕು" ಎಂದು ತಳ್ಳಿಹಾಕಬೇಡಿ. ಗಾಲ್ಫ್ ಆಡುವವರಿಗೆ ಭುಜ, ಎದೆ ನೋಯುವುದು ಮಾಮೂಲಾದ್ದರಿಂದ ಮೋಸಹೋಗುವುದೂ ಸುಲಭ. ಉಳಿದ ಹೋಲ್ ಮುಗಿಸಿ ಹೋಗೋಣ ಎನ್ನಬೇಡಿ, ಕಾರನ್ನು ನೀವೇ ಓಡಿಸಬೇಡಿ. ಸಂಗಡಿಗರಿಗೆ ಹೇಳಿ, 108 ಅಥವಾ 112ಕ್ಕೆ ಕರೆ ಮಾಡಿಸಿ, ಹತ್ತಿರದ ಆಸ್ಪತ್ರೆಗೆ ಹೋಗಿ.

ಬೆನ್ನುನೋವು ಕಾಲಿಗಿಳಿದು ಜೋಮು ಹಿಡಿದರೂ ವೈದ್ಯರನ್ನು ಕಾಣಿ. ನೋವಿನ ಮಾತ್ರೆ ನುಂಗಿ ಆಡುವ ಅಭ್ಯಾಸ ಬೇಡವೇ ಬೇಡ.

*ಈ ಭಾನುವಾರದಿಂದ ಮಾಡಬೇಕಾದ ಒಂದೇ ಕೆಲಸ*

ಇಷ್ಟೆಲ್ಲ ಒಮ್ಮೆಲೇ ಆಗದು ಎನಿಸಿದರೆ ಇದೊಂದನ್ನು ಮಾಡಿ. ಸ್ಕೋರ್ ಕಾರ್ಡಿನ ಹಿಂಬದಿಯಲ್ಲಿ ನಾಲ್ಕು ವಿಷಯ ಬರೆಯಿರಿ: ರಾತ್ರಿ ಎಷ್ಟು ಗಂಟೆ ನಿದ್ದೆ, ಬೆಳಿಗ್ಗೆ ಏನು ತಿಂದಿರಿ, ಎಷ್ಟು ನೀರು ಕುಡಿದಿರಿ, ಎಲ್ಲಿ ನೋವಿತ್ತು. ಮುಂಬದಿಯಲ್ಲಿ ಮೂರು ಲೆಕ್ಕ: 1ರಿಂದ 6, 7ರಿಂದ 12, 13ರಿಂದ 18. ಆರು ವಾರದ ಕಾರ್ಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿ. ಆಟ ಮೊದಲಿಂದಲೂ ಕೆಟ್ಟಿದ್ದರೆ ಕೋಚ್ ಹತ್ತಿರ ಹೋಗಿ. ಕೊನೆಯ ಆರರಲ್ಲಿ ಮಾತ್ರ ಕೆಡುತ್ತಿದ್ದರೆ ಕಾರ್ಡಿನ ಹಿಂಬದಿ ಓದಿ. ಅಲ್ಲೂ ಉತ್ತರ ಸಿಗದಿದ್ದರೆ ವೈದ್ಯರ ಹತ್ತಿರ ಹೋಗಿ ಬಿಪಿ, ಸಕ್ಕರೆ, ಹೃದಯ ತೋರಿಸಿಕೊಳ್ಳಿ.

ಕ್ಯಾಡಿ ಏನಾದರೂ ಹೇಳಿದರೆ ಕಿವಿಗೊಟ್ಟು ಕೇಳಿ. ವಾರ ವಾರ ನಿಮ್ಮನ್ನು ನಾಲ್ಕು ಗಂಟೆ ನೋಡುತ್ತಿರುವವನು ಅವನು. ಅವನಿಗೂ ನೀರು, ತಿಂಡಿ ಕೊಡುವುದನ್ನು ಮರೆಯಬೇಡಿ. ಬ್ಯಾಗ್ ಹೊತ್ತು ಅಷ್ಟೇ ದೂರ ಅವನೂ ನಡೆದಿರುತ್ತಾನೆ.

ಧಾರವಾಡದ ನಮ್ಮ ಸ್ನೇಹಿತರು ಈಗ ಅವಲಕ್ಕಿ ತಿಂದೇ ಬರುತ್ತಾರೆ. ಹನ್ನೆರಡನೇ ಹೋಲ್‌ನಲ್ಲಿ ಡಬ್ಬಿ ತೆರೆದು ನಮಗೂ ಕ್ಯಾಡಿಗಳಿಗೂ ಶೇಂಗಾ ಉಂಡಿ ಹಂಚುತ್ತಾರೆ. ಸ್ಕೋರ್ 92, 95, 93. ಹೊಸ ಪಟ್ಟರ್ ಮಾರಾಟಕ್ಕಿದೆ, ಕೊಳ್ಳುವವರು ಇನ್ನೂ ಸಿಕ್ಕಿಲ್ಲ.

🙏 *ಉಪಯುಕ್ತ ಎನಿಸಿದರೆ ನಿಮ್ಮ ಕನ್ನಡ ಬಳಗಕ್ಕೆ, ಮುಖ್ಯವಾಗಿ ಭಾನುವಾರ ಖಾಲಿ ಹೊಟ್ಟೆಯಲ್ಲಿ ಆಡಲು ಹೊರಡುವ ಸ್ನೇಹಿತರಿಗೆ ಕಳುಹಿಸಿ.*

_ಇದು ಸಾಮಾನ್ಯ ತಿಳಿವಳಿಕೆಗಾಗಿ ಬರೆದದ್ದು. ನಿಮ್ಮ ಔಷಧ, ವ್ಯಾಯಾಮಗಳ ಬಗ್ಗೆ ನಿಮ್ಮ ವೈದ್ಯರ ಮಾತೇ ಅಂತಿಮ._